ಹಾಡಿನ ಪಟ್ಟಿ, ಶ್ರುತಿ ಎರಡೂ ಹಿಂದಿನ ದಿನವೇ ಕೊಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ಓದುಗರ ಪತ್ರದಲ್ಲಿ ಒಬ್ರು ಬರೆದಿದ್ರು, ಈಗಿನ ರಸಮಂಜರಿಲಿ ಕೀಬೋರ್ಡ್‌ನವ್ರು ಬಟನ್ ಒತ್ತಿ ಸುಮ್ನೆ ನಿಲ್ತಾರೆ, ಎಲ್ಲಾ ಮಷಿನ್ನೇ ಬಾರಿಸ್ತದೆ ಅಂತ. ನಾನು ಕುಮಟಾದವ, 14 ವರ್ಷದಿಂದ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ ಸಿದ್ದಾಪುರದವರೆಗೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸ್ತಾ ಬಂದಿದ್ದೇನೆ, ಆ ಮಾತು ಓದಿ ಬಹಳ ಬೇಜಾರಾಯ್ತು. ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕ್ಕೊಂಡು ನಡೆಸೋರು ಇದ್ದಾರೆ, ಇಲ್ಲ ಅನ್ನೋದಿಲ್ಲ. ಆದ್ರೆ ಕೈಯಿಂದ್ಲೇ ಬಾರಿಸೋರ ಕೆಲಸ ಎಂಥದು ಅಂತ ಕೇಳೋರಿಗೂ ಗೊತ್ತಾಗ್ಬೇಕು, ಕಾರ್ಯಕ್ರಮ ಇಡೋ ಕಮಿಟಿಯವ್ರಿಗಂತೂ ಗೊತ್ತಾಗ್ಲೇಬೇಕು.

ನನ್ನ ಹತ್ರ ಇರೋದು ಬೇರೆ ಬೇರೆ ವಾದ್ಯದ ದನಿ ಕೊಡೋ ಕೀಬೋರ್ಡ್, ಅಂದ್ರೆ ಸಿಂಥಸೈಜರ್, ಅದೂ ಒಂದೇ, 61 ಕೀ, ಐದು ಸಪ್ತಕ. ನಮ್ಮ ತಂಡದಲ್ಲಿ ಬೇಸ್ ಗಿಟಾರ್ ಇಲ್ಲ, ಕೊಳಲು ಇಲ್ಲ, ವಯಲಿನ್ ಇಲ್ಲ, ಎಲ್ಲಾ ಈ ಎರಡು ಕೈಯಲ್ಲೇ ಬರ್ಬೇಕು. ಅದಕ್ಕೆ ಅಣ್ಣತಮ್ಮಂದಿರು ಗದ್ದೆ ಹಿಸೆ ಮಾಡ್ಕೊಂಡ ಹಾಗೆ ಕೀಗಳನ್ನ ಹಿಸೆ ಮಾಡ್ತೇವೆ. ಎಡಗಡೆ ಒಂದೂವರೆ ಸಪ್ತಕ ಬೇಸ್, ನಡುವೆ ಪಿಯಾನೊ ಮತ್ತೆ ಅದೇ ಕೀಗಳ ಮೇಲೆ ಸ್ಟ್ರಿಂಗ್ಸ್, ಅಂದ್ರೆ ವಯಲಿನ್ ಗುಂಪಿನ ದನಿ, ಒಂದು ಕೀ ಒತ್ತಿದ್ರೆ ಎರಡೂ ಒಟ್ಟಿಗೆ ಬರ್ತದೆ, ಅದು ಲೇಯರ್. ಬಲಗಡೆ ಕೊಳಲು. ಹಿಸೆಯ ಗಡಿಗೆ ಸ್ಪ್ಲಿಟ್ ಅಂತೇವೆ. ಕೊಳಲಿನ ಪಾಲು ಬಲತುದಿಗೆ ಬಂದದ್ದರಿಂದ ಅದನ್ನ ಒಂದು ಸಪ್ತಕ ಕೆಳಗೆ ಇಳಿಸಿ ಇಟ್ಕೋಬೇಕು, ಇಲ್ದಿದ್ರೆ ಪೀಪಿ ಊದಿದ ಹಾಗೆ ಕೇಳ್ತದೆ. ಇದೆಲ್ಲಾ ಒಂದು ಹಾಡಿಗೆ ಮಾತ್ರ. 20 ಹಾಡಿದ್ರೆ 20 ಥರ ಹಿಸೆ, ಮನೇಲಿ ಕೂತು ಒಂದೊಂದನ್ನೇ ಕಟ್ಟಿ, ಹಾಡಿನ ಕ್ರಮದಲ್ಲೇ ಮೆಮೊರಿಗೆ ಹಾಕಿ ಇಡೋದು.

ಈ ಗಡಿ ಎಲ್ಲಿಡೋದು ಅನ್ನೋದು ಹಾಡಿನ ಶ್ರುತಿ ಮೇಲೆ ಹೋಗ್ತದೆ, ನಾನು ಹೇಳ್ಬೇಕಂತಿರೋದು ಇದನ್ನೇ. ಅಂಕೋಲಾ ಕಡೆ ಒಂದು ಊರಲ್ಲಿ ಬಂಡಿಹಬ್ಬಕ್ಕೆ ಕಾರ್ಯಕ್ರಮ ಇತ್ತು. ಬಿಳಿ ಒಂದು ಅಂದ್ರೆ C ಶ್ರುತಿ, ಬಿಳಿ ಆರು ಅಂದ್ರೆ A. ಬಿಳಿ ಒಂದಕ್ಕೆ ಹೇಳಿ ಕಟ್ಟಿಕೊಂಡ ಹಾಡು, ಕೊಳಲಿನ ಪಾಲು ಸರಿಯಾಗಿ ಷಡ್ಜದ ಕೀಯಿಂದ್ಲೇ ಶುರು. ಢೋಲಕ್ ಆಗ್ಲೇ ಹೊಡೆಯೋಕೆ ಶುರು ಮಾಡಿತ್ತು, ಹಾಡೋರು ಹತ್ರ ಬಂದು ಗಂಟಲು ಕಟ್ಟಿದೆ ಬಿಳಿ ಆರಕ್ಕೆ ತಗೊಳ್ಳಿ ಅಂದ್ರು. ತಗೊಂಡೆ, ಕೈ ಕರಿ ಬಿಳಿ ಸೇರಿ ಮೂರು ಕೀ ಎಡಕ್ಕೆ ಸರೀತು, ಆದ್ರೆ ಗಡಿ ಅಲ್ಲೇ ಇದೆ. ಪಲ್ಲವಿ ಆದ್ಮೇಲೆ ಕೊಳಲಿನ ಸಾಲು ಮೇಲಿಂದ ಚೆಂದಾಗಿ ಇಳೀತಾ ಬಂತು, ರಿಷಭಕ್ಕೆ ಬರೋವಾಗ ಕೊಳಲು ಕಡೀತು, ಅದೂ ಷಡ್ಜವೂ ಎರಡೂ ಪಿಯಾನೊದಲ್ಲಿ ಟಣ್ ಟಣ್ ಅಂದ್ವು. ಸ್ವರ ಸರಿ, ಬೆರಳು ಸರಿ, ವಾದ್ಯ ಮಾತ್ರ ಬೇರೆ. ಮುಂದೆ ಕೂತವ್ರು ನಕ್ಕರು. ಶ್ರುತಿ ಬದಲಿಸೋ ಟ್ರಾನ್ಸ್‌ಪೋಸ್ ಬಟನ್ ಇದೆಯಲ್ಲ ಅಂತ ಕೇಳ್ಬಹುದು, ಇದೆ, ಅದ್ರಲ್ಲಿ ಬೆರಳು ಮೊದಲಿನ ಜಾಗದಲ್ಲೇ ಇರ್ತದೆ, ಗಡಿ ತೊಂದ್ರೆ ಬರೋದಿಲ್ಲ, ಆದ್ರೆ ಅದು ಹಾಡು ಶುರು ಆಗೋ ಮೊದಲಿನ ಕೆಲಸ, ಎರಡೂ ಕೈ ಕೀ ಮೇಲಿರುವಾಗ ಆಗೋದಲ್ಲ.

ಹಾಡಿನ ನಡುವೆ ಮೆಮೊರಿ ಬದಲಿಸಿದ್ರೂ ಕಷ್ಟ, ಬಹಳಷ್ಟು ಕೀಬೋರ್ಡಲ್ಲಿ ಹಿಡಿದ ಸ್ವರ ಅಲ್ಲೇ ತುಂಡಾಗ್ತದೆ. ನಾನು ಮಾಡೋದು, ಚರಣಕ್ಕೆ ಬೇಕಾದ ಟೋನನ್ನ, ಅಂದ್ರೆ ವಾದ್ಯದ ದನಿಯನ್ನ, ಪಲ್ಲವಿ ಮೆಮೊರಿಯಲ್ಲೇ ವಾಲ್ಯೂಮ್ ಸೊನ್ನೆ ಮಾಡಿ ಇಟ್ಕೊಂಡಿರೋದು, ಜಾಗ ಬಂದಾಗ ಸ್ಲೈಡರ್ ಮೇಲೆ ತಳ್ಳೋದು. ಕೀ ಬಿಟ್ಟ ಮೇಲೂ ಸ್ವರ ನಿಲ್ಲಿಸಿ ಇಡೋ ಸಸ್ಟೇನ್ ಪೆಡಲ್ಲು ಪಿಯಾನೊಗೆ ಬೇಕು, ಬೇಸಿಗೆ ಬೇಡ, ಬೇಸಿನ ಪಾಲಿಗೆ ಅದನ್ನ ಆಫ್ ಮಾಡೋದು ಮರೆತ್ರೆ ಕೆಳಗಿನ ಸ್ವರ ಒಂದರ ಮೇಲೊಂದು ನಿಂತು ಇಡೀ ಹಾಡು ರಾಡಿ. ಇನ್ನು ಲೇಯರ್ ಅಂದ್ರೆ ಎಷ್ಟು ಬೇಕೋ ಅಷ್ಟು ಪೇರಿಸ್ಬಹುದು ಅಂತಲ್ಲ. 1981ರಲ್ಲಿ ಬಂದ ರೋಲ್ಯಾಂಡ್ ಜುಪಿಟರ್-8 ಅನ್ನೋ ಸಿಂಥಸೈಜರಿಗೂ 61 ಕೀ, ಸ್ಪ್ಲಿಟ್ಟೂ ಇತ್ತು ಲೇಯರ್ರೂ ಇತ್ತು, ಆದ್ರೆ ಒಟ್ಟಿಗೆ ಬರೋದು 8 ಸ್ವರ, ಎರಡು ಟೋನ್ ಪೇರಿಸಿದ್ರೆ 4. ಈಗಿನದ್ರಲ್ಲಿ ಸ್ವರ ಜಾಸ್ತಿ, ಲೆಕ್ಕ ಅದೇ.

ನಮ್ಮ ಕರಾವಳಿಯವ್ರಿಗೆ ಇನ್ನೊಂದಿದೆ, ಉಪ್ಪುಗಾಳಿ. ಪ್ರತಿ ಕೀ ಕೆಳಗೆ ರಬ್ಬರಿನಲ್ಲಿ ಎರಡು ಕಾಂಟ್ಯಾಕ್ಟ್ ಇರ್ತವೆ, ಒಂದು ತಾಗಿ ಇನ್ನೊಂದು ತಾಗೋಕೆ ಎಷ್ಟು ಹೊತ್ತು ಹಿಡೀತದೆ ಅನ್ನೋದ್ರ ಮೇಲೆ ನಾವು ಮೆಲ್ಲಗೆ ಒತ್ತಿದ್ವೋ ಜೋರಾಗೋ ಅಂತ ಮಷಿನ್ನಿಗೆ ಗೊತ್ತಾಗೋದು, 1ರಿಂದ 127ರವರೆಗಿನ ಲೆಕ್ಕ. 110 ದಾಟಿದ್ರೆ ಮಾತ್ರ ಬ್ರಾಸ್, ಅಂದ್ರೆ ತುತ್ತೂರಿ ಥರದ ದನಿ, ಬರ್ಲಿ ಅಂತ ನಾನು ಕೆಲವು ಹಾಡಿಗೆ ಇಟ್ಟಿರ್ತೇನೆ. ಕಾರವಾರದಲ್ಲಿ ಕಡಲದಂಡೆ ವೇದಿಕೆ ಮೇಲೆ ಸಂಜೆ ನಾಲ್ಕಕ್ಕೇ ಕೀಬೋರ್ಡ್ ಹೊರಗಿಡಿಸಿ ಎಂಟಕ್ಕೆ ಕಾರ್ಯಕ್ರಮ ಶುರು ಮಾಡ್ತಾರೆ, ಅಷ್ಟೊತ್ತಿಗೆ ಅದರ ಮೈಯೆಲ್ಲಾ ಅಂಟಂಟು. ಹೀಗೇ ವರ್ಷಾನುಗಟ್ಲೆ ಉಪ್ಪು ಒಳಗೆ ಹೋಗಿ ಕಾಂಟ್ಯಾಕ್ಟ್ ಕೆಟ್ಟು, ನನ್ನ ಹಳೇ ಕೀಬೋರ್ಡಲ್ಲಿ ಮೂರು ಕೀ ಎಷ್ಟು ಮೆಲ್ಲಗೆ ಮುಟ್ಟಿದ್ರೂ ಬ್ರಾಸೇ ಕೂಗ್ತಿತ್ತು. ಬಿಚ್ಚಿ ಒರೆಸಿ ಸಾಕಾಗಿ ಕೊನೆಗೆ ಬದಲಿಸ್ಬೇಕಾಯ್ತು.

ಈಗ ಕಮಿಟಿಯವ್ರ ಹತ್ರ, ಹಾಡೋರ ಹತ್ರ ಕೇಳ್ಕೊಳ್ಳೋದು. ಹಾಡಿನ ಪಟ್ಟಿ, ಯಾವ ಹಾಡು ಯಾವ ಶ್ರುತಿ ಅನ್ನೋದು ಹಿಂದಿನ ದಿನ ಸಂಜೆ ಒಳಗೆ ವಾಟ್ಸಾಪಲ್ಲಿ ಕಳ್ಸಿ. ಗಂಟಲು ಸರಿ ಇಲ್ಲ ಅಂದ್ರೆ ಇನ್ನೊಂದು ಶ್ರುತಿನೂ ಆಗ್ಲೇ ಹೇಳಿ, ಎರಡಕ್ಕೂ ಕಟ್ಟಿ ಇಟ್ಕೊಳ್ತೇನೆ, ಬೇಜಾರಿಲ್ಲ. ಭಾಷಣ ಮುಗಿದ ತಕ್ಷಣ ಹತ್ತಿಸಿ ಶುರು ಮಾಡಿ ಅನ್ನೋ ಬದಲು, ಜನ ಬರೋ ಮೊದಲು 20 ನಿಮಿಷ ಸೌಂಡ್ ಚೆಕ್ ಕೊಡಿ, ಮನೇಲಿ ಹೆಡ್‌ಫೋನಲ್ಲಿ ಸರಿ ಇದ್ದ ಬೇಸು ನಿಮ್ಮ ದೊಡ್ಡ ಸ್ಪೀಕರಲ್ಲಿ ಪಿಯಾನೊನ ನುಂಗಿ ಹಾಕ್ತದೆ, ಪಾಲುಗಳ ವಾಲ್ಯೂಮ್ ಅಲ್ಲೇ ಸರಿ ಮಾಡ್ಬೇಕು. ಕಡಲ ಕಡೆ ವೇದಿಕೆ ಆದ್ರೆ ನಮ್ಮ ಬೆನ್ನಿಗೆ ಒಂದು ತಾಡಪಾಲು ಕಟ್ಟಿಸಿ ಕೊಡಿ.

ಪತ್ರ ಬರೆದವ್ರು ಶಿರಸಿ ಕಡೆಯವ್ರಂತೆ. ಮುಂದಿನ ಸಲ ನಾವು ಮಾರಿಕಾಂಬಾ ಜಾತ್ರೆ ಹೊತ್ತಿಗೆ ಅಲ್ಲಿಗೆ ಬಂದಾಗ ವೇದಿಕೆ ಎಡಪಕ್ಕದಲ್ಲಿ ಬಂದು ನಿಂತ್ಕೊಳ್ಳಿ, ನನ್ನ ಕೈ ಅಲ್ಲಿಂದ ಚೆನ್ನಾಗಿ ಕಾಣ್ತದೆ.

ಇತಿ,
ಒಬ್ಬ ಕೀಬೋರ್ಡ್ ವಾದಕ, ಕುಮಟಾ