ಕಾಲೊಳಗಿನ ಸ್ಟೀಲು, ಮಂಚದ ಪಕ್ಕದ ಸ್ಟೂಲು

ಕಳೆದ ಭಾನುವಾರ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕೋಲಿಲ್ಲದೆ ಒಂದು ಸುತ್ತು ನಡೆದು ಬಂದೆ. ಕಾಲು ಮುರಿದ ಬಗೆಯನ್ನೂ ಆಪರೇಷನ್ನಿನ ವಿವರವನ್ನೂ ಇಲ್ಲಿ ಹೇಳಲು ಹೋಗುವುದಿಲ್ಲ. ಮೊಣಕಾಲಿನ ಕೆಳಗೆ, ಮುರಿದ ಮೂಳೆಯನ್ನು ಅಲುಗದಂತೆ ಹಿಡಿದಿಡಲು ಹಾಕಿದ ಸ್ಟೀಲಿನ ಒಂದು ಪ್ಲೇಟೂ ಎಂಟು ಸ್ಕ್ರೂಗಳೂ ಇನ್ನೂ ಇವೆ. ಅವನ್ನು ಕೂರಿಸಿದ ವೈದ್ಯರಿಗೆ, ವಾರ್ಡಿನ ಸಿಸ್ಟರುಗಳಿಗೆ, ತಿಂಗಳುಗಟ್ಟಲೆ ಮುದ್ದೆ, ಸೊಪ್ಪಿನ ಸಾರು ಕಳುಹಿಸಿದ ಪಕ್ಕದ ಮನೆಯವರಿಗೆ, ನನ್ನನ್ನು ಎತ್ತಿ ಇಳಿಸಿದ ಆಟೊ ಚಾಲಕರಿಗೆ ನನ್ನ ನಮಸ್ಕಾರಗಳು.

ಉಳಿದ ಮಾತೆಲ್ಲ ಮಂಡ್ಯದ ನನ್ನ ಅಕ್ಕನ ಮಗಳಿಗೆ ಸಲ್ಲಬೇಕು. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಿರುವ ಅವಳು ಆಸ್ಪತ್ರೆಯ ಐದನೆಯ ರಾತ್ರಿ ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಎಚ್ಚರವಾಗಿ ಕುಳಿತಿದ್ದಳು. ಅಂದು ಜ್ವರ ಏರಿ, ಗಾಯ ಕೆಂಪಗೆ ಕಾದು, ಹೊಲಿಗೆಯ ಸಂದಿನಿಂದ ಕೀವು ಜಿನುಗಿತ್ತು. ಸಂಜೆ ನೋಡಲು ಬಂದ ನೆಂಟರೊಬ್ಬರು ‘ಕೆಲವರ ಮೈಗೆ ಕಬ್ಬಿಣ ಒಗ್ಗಕ್ಕಿಲ್ಲ ಕಣಪ್ಪ’ ಎಂದು ಹೇಳಿ ಹೋಗಿದ್ದರು. ಆ ಮಾತು ತಲೆಯಲ್ಲಿ ಕೂತು, ಬೆಳಗಾಗುವುದರೊಳಗೆ ಇದನ್ನು ಕಿತ್ತುಹಾಕಿಸಿ ಎಂದು ನಾನು ಹಟ ಹಿಡಿದೆ.

ಅವಳು ಸಮಾಧಾನದ ಮಾತಿಗೆ ಹೋಗದೆ ವಿಷಯವನ್ನೇ ಹೇಳಿದಳು. ಲೋಹ ಒಳಗೆ ಹೋದ ಕೂಡಲೇ ರಕ್ತದ ಪ್ರೋಟೀನುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಆಮೇಲೆ ಬಿಳಿ ರಕ್ತಕಣಗಳೂ, ಅವುಗಳ ಹಿಂದೆಯೇ ಕಸ ನುಂಗುವ ಮ್ಯಾಕ್ರೋಫೇಜ್ ಕೋಶಗಳೂ ಬರುತ್ತವೆ. ನುಂಗಲಾರದಷ್ಟು ದೊಡ್ಡ ವಸ್ತು ಎದುರಾದಾಗ ಈ ಮ್ಯಾಕ್ರೋಫೇಜ್‌ಗಳು ಒಂದರೊಡನೊಂದು ಬೆಸೆದು ದೈತ್ಯಕೋಶಗಳಾಗುತ್ತವೆ. ಕೊನೆಗೆ ಸ್ಟೀಲಿನ ಸುತ್ತ ನಾರಿನಂಥ ತೆಳು ಅಂಗಾಂಶದ ಹೊದಿಕೆ ಬೆಳೆಯುತ್ತದೆ. ಟೈಟಾನಿಯಂ ಆಗಿದ್ದರೆ ಮೂಳೆ ನೇರವಾಗಿಯೇ ಹತ್ತಿಕೊಳ್ಳುತ್ತಿತ್ತಂತೆ. 1950ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿ ಬ್ರೋನೆಮಾರ್ಕ್ ಅವರು ಮೊಲದ ಮೂಳೆಯಲ್ಲಿಟ್ಟಿದ್ದ ಟೈಟಾನಿಯಂ ಉಪಕರಣವನ್ನು ಹೊರತೆಗೆಯಲು ಹೋಗಿ, ಅದು ಬಾರದಿದ್ದಾಗ ಇದನ್ನು ಕಂಡುಕೊಂಡರಂತೆ.

‘ಒಗ್ಗೋದು ಬಿಡೋದು ಈಗಿನ ಚಿಂತೆಯಲ್ಲ ಮಾವ,’ ಎಂದಳು. ‘ಪ್ಲೇಟಿನ ಮೇಲೆ ಮೊದಲು ಜಾಗ ಹಿಡಿಯೋದು ನಿಮ್ಮ ಕೋಶಗಳೋ ಬ್ಯಾಕ್ಟೀರಿಯಾಗಳೋ ಅನ್ನೋದು ಚಿಂತೆ. ಅವು ಅಂಟಿಕೊಂಡು ಲೋಳೆ ಹೊದ್ದುಬಿಟ್ಟರೆ ಔಷಧಿಗೂ ಬಗ್ಗೋದಿಲ್ಲ. ಡ್ಯೂಟಿ ಡಾಕ್ಟರನ್ನು ಈಗಲೇ ಎಬ್ಬಿಸ್ತೀನಿ.’

ನಾನು ಬೈದೆ. ‘ನಿನ್ನ ಪಾಠಕ್ಕೆ ನನ್ನ ಕಾಲೇ ಬೇಕಿತ್ತೇ?’ ಎಂದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿಯೇ ಬದುಕಿದವನ ಬಾಯಲ್ಲಿ ಬಂದ ಮಾತು ಅದು. ಅವಳು ಎದ್ದು ಹೋಗಿ ಡಾಕ್ಟರನ್ನು ಕರೆತಂದು, ಮತ್ತೆ ಅದೇ ಸ್ಟೂಲಿನ ಮೇಲೆ ಕುಳಿತಳು. ಕಾಲು ಹೋಗಿಯೇ ಬಿಟ್ಟಿತೆಂದುಕೊಂಡು ಅವಳ ಕೈ ಹಿಡಿದು ನಾನು ಅತ್ತದ್ದು ನನ್ನ ಹೆಂಡತಿಗೂ ಇದನ್ನು ಓದಿದಾಗಲೇ ತಿಳಿಯುತ್ತದೆ.

ಬೆಳಿಗ್ಗೆ ಗಾಯ ಬಿಚ್ಚಿ ತೊಳೆದು, ಮಾದರಿಯನ್ನು ಪರೀಕ್ಷೆಗೆ ಕಳುಹಿಸಿದರು. ಸ್ಕ್ರೂಗಳು ಬಿಗಿಯಾಗಿಯೇ ಇದ್ದುದರಿಂದ ಪ್ಲೇಟನ್ನು ಉಳಿಸಿದರು. ಮುರಿದ ತುದಿಗಳು ಅಲುಗಾಡಿದರೆ ಸೋಂಕು ಆರುವುದೂ ಕಷ್ಟ, ಮೂಳೆ ಕೂಡುವುದೂ ಕಷ್ಟ. ನಾನು ಬೇಡಿದಂತೆ ಆ ರಾತ್ರಿಯೇ ಕಿತ್ತಿದ್ದರೆ ಏನಾಗುತ್ತಿತ್ತೆಂದು ಈಗಲೂ ಒಮ್ಮೊಮ್ಮೆ ನಿದ್ದೆಗೆಡುತ್ತೇನೆ.

ಪ್ಲೇಟನ್ನು ಇನ್ನು ತೆಗೆಸಬೇಕೇ ಎಂಬುದನ್ನು ವೈದ್ಯರು ಮುಂದಿನ ಎಕ್ಸ್‌ರೇ ನೋಡಿ ಹೇಳುತ್ತಾರೆ. ಮೂಳೆಗಿಂತ ಸುಮಾರು ಹತ್ತು ಪಟ್ಟು ಬಿಗುವಾದ ಸ್ಟೀಲು ಭಾರವನ್ನೆಲ್ಲ ತಾನೇ ಹೊತ್ತರೆ, ಅದರಡಿಯ ಮೂಳೆ ಕೆಲಸವಿಲ್ಲದೆ ಸೊರಗಬಹುದಂತೆ. (ನಮ್ಮ ಮನೆಗಳಲ್ಲೂ ಇಂಥ ಯಜಮಾನರಿದ್ದಾರೆ.)

ಈ ಬರಹವನ್ನು ಮೊದಲು ಅವಳಿಗೇ ಓದಿ ಹೇಳಿದೆ. ‘ನನ್ನ ದೇಹ ಸ್ಟೀಲನ್ನು ಒಪ್ಪಿಕೊಂಡಿತು’ ಎಂದು ನಾನು ಬರೆದಿದ್ದ ಸಾಲನ್ನು ತೆಗೆಸಿದಳು. ‘ಒಪ್ಪಿಕೊಂಡಿಲ್ಲ ಮಾವ, ಸುತ್ತ ಬೇಲಿ ಹಾಕ್ಕೊಂಡು ಸುಮ್ಮನಿದೆ.’