ಪಗಾರ ಯಾರು ಕೊಟ್ಟರು ಎಂದು ಮೊದಲು ಕೇಳು

ಬೀದರ

ಚಿ. ಬಸವರಾಜನಿಗೆ ನಿನ್ನ ಕಾಕಾ ಮಾಡುವ ಅನೇಕ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ.

ಎಂ.ಎ. ಪ್ರಬಂಧಕ್ಕೆ ಸಾಮ್ರಾಜ್ಯಗಳ ಏಳುಬೀಳಿನ ವಿಷಯ ಹಿಡಿದಿದ್ದೀ ಎಂದು ಓದಿ ಸಂತೋಷವಾಯಿತು. ಜೊತೆಗೆ ಕಳಿಸಿದ ಟಿಪ್ಪಣಿಯನ್ನೂ ಪೂರ್ತಿ ನೋಡಿದೆ. ಪತನಕ್ಕೆ ಕಾರಣ ಎಂದು ನೀನು ಬರೆದದ್ದು ಇಷ್ಟು: ದುರ್ಬಲ ಉತ್ತರಾಧಿಕಾರಿಗಳು, ಭೋಗಲಾಲಸೆ, ಪರಕೀಯರ ದಾಳಿ, ಆಡಳಿತದ ಸಡಿಲು. ಈ ಪಟ್ಟಿಯನ್ನು ರೋಮಿಗೂ ಅಂಟಿಸಬಹುದು, ಮೊಘಲರಿಗೂ ಅಂಟಿಸಬಹುದು, ನಮ್ಮ ಮಳಖೇಡದ ರಾಷ್ಟ್ರಕೂಟರಿಗೂ ಅಂಟಿಸಬಹುದು. ಎಲ್ಲರಿಗೂ ಹೊಂದುವ ಕಾರಣ ಯಾರ ಕಥೆಯನ್ನೂ ಬಿಡಿಸಿ ಹೇಳುವುದಿಲ್ಲ. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಬಂದೀತು, ಪ್ರಬಂಧಕ್ಕೆ ಸಾಲದು.

ಯಾವ ಸಾಮ್ರಾಜ್ಯ ಎದುರಿಗೆ ಬಂದರೂ ಮೊದಲು ಒಂದು ಪ್ರಶ್ನೆ ಕೇಳಿಕೋ: ಸೈನಿಕನ ಪಗಾರ ಯಾರ ಕೈಯಿಂದ, ಯಾವ ರೂಪದಲ್ಲಿ ಬರುತ್ತಿತ್ತು? ಖಜಾನೆಯಿಂದ ನಗದಾಗಿಯೋ, ಭೂಮಿಯ ಹುಟ್ಟುವಳಿಯಾಗಿಯೋ, ಲೂಟಿಯ ಪಾಲಾಗಿಯೋ, ಸಾಲದ ಹಣದಿಂದಲೋ? ಈ ನಾಲ್ಕರಲ್ಲಿ ಒಂದೊಂದಕ್ಕೂ ಒಂದೊಂದು ಬಗೆಯ ಕಾಯಿಲೆ ಇದೆ. ಯಾವುದು ಎಂದು ಗೊತ್ತಾದರೆ ಆ ಸಾಮ್ರಾಜ್ಯ ಎಲ್ಲಿ ಬಿರುಕು ಬಿಟ್ಟೀತು ಎಂಬುದನ್ನು ಅರ್ಧಕ್ಕರ್ಧ ಹೇಳಬಹುದು.

ಮಳಖೇಡದಿಂದಲೇ ಶುರು ಮಾಡು, ನಿನಗೆ ಕಲಬುರಗಿಯಿಂದ ಕೈಗೆಟಕುವಷ್ಟು ಹತ್ತಿರ. 851ರ ಸುಮಾರಿನ ಅರಬ್ ವರ್ತಕ ಸುಲೈಮಾನನ ವರದಿಯಲ್ಲಿ ಬಲ್ಹರಾ ಎಂಬ ದೊರೆಯ ಮಾತು ಬರುತ್ತದೆ. ಅದು ರಾಷ್ಟ್ರಕೂಟ ದೊರೆಯ ‘ವಲ್ಲಭ’ ಬಿರುದಿನ ಅರಬ್ ರೂಪ. ಅರಬರ ದೇಶದಲ್ಲಿ ಇರುವಂತೆ ಆತನೂ ಸೈನ್ಯಕ್ಕೆ ಕ್ರಮವಾಗಿ ಪಗಾರ ಕೊಡುತ್ತಾನೆ ಎಂದು ಆ ವರದಿ ಹೇಳುತ್ತದೆ. ಹೊರಗಿನವರ ಕಣ್ಣಿಗೆ ಬೀಳುವಷ್ಟು ಅದು ವಿಶೇಷವಾಗಿತ್ತು. ಇನ್ನು ನೂರು ವರ್ಷ ಮುಂದೆ ಬಾ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ಮೂರನೆಯ ಕೃಷ್ಣ ಕೊಟ್ಟ ಬಹುಮಾನ ಏನು? ಆತಕೂರು ಶಾಸನ ಓದು: ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70. ಸೀಮೆಗೆ ಸೀಮೆಯೇ ಹೋಯಿತು. ಅದೇ ಕೃಷ್ಣನ ಕಾಲದಲ್ಲಿ, ಸುಮಾರು 965ರಲ್ಲಿ, ಚಾಲುಕ್ಯ ತೈಲಪ ತರ್ದವಾಡಿ 1000ವನ್ನು ಅಣುಗಜೀವಿತವಾಗಿ, ಅಂದರೆ ದೊರೆಯ ಪ್ರೀತಿಯ ಉಂಬಳಿಯಾಗಿ, ಅನುಭವಿಸುತ್ತಿದ್ದ. 967ರಲ್ಲಿ ಕೃಷ್ಣ ತೀರಿಕೊಂಡ. 972ರಲ್ಲಿ ಪರಮಾರ ಸೀಯಕ ಬಂದು ಮಳಖೇಡವನ್ನು ಸೂರೆ ಮಾಡಿದ. 973ರಲ್ಲಿ ತೈಲಪ ರಾಷ್ಟ್ರಕೂಟರನ್ನು ಕಿತ್ತುಹಾಕಿದ. ಆಗಿನ ದಖ್ಖನದ ಅತಿ ದೊಡ್ಡ ಸಾಮ್ರಾಜ್ಯ ಆರು ವರ್ಷದಲ್ಲಿ ಮುಗಿಯಿತು.

ಸೀಯಕನ ದಾಳಿಯೇ ಕಾರಣ ಎಂದು ನೀನು ಬರೆದಿದ್ದೀ. ಸೀಯಕ ಲೂಟಿ ಮಾಡಿ ತಿರುಗಿ ಹೋದ, ಇಲ್ಲಿ ಕೂತು ಆಳಲಿಲ್ಲ. ಆಳಿದ್ದು ತರ್ದವಾಡಿಯ ಹುಟ್ಟುವಳಿ ತಿಂದು, ತನ್ನದೇ ದಂಡು ಸಾಕಿಕೊಂಡಿದ್ದ ತೈಲಪ. ತೈಲಪನ ವಂಶದ ಚಾಲುಕ್ಯರ ರಾಜಧಾನಿ ಕಲ್ಯಾಣಕ್ಕೆ ಬಾ, ಅದೇ ಕಥೆ: ಮಂಗಳವೇಡೆ, ತರ್ದವಾಡಿಯ ಸೀಮೆಗಳನ್ನು ಚಾಲುಕ್ಯರ ಅಡಿಯಲ್ಲಿ ಆಳುತ್ತಿದ್ದ ಕಲಚುರಿ ಬಿಜ್ಜಳ 1157ರ ಹೊತ್ತಿಗೆ ಒಡೆಯನನ್ನೇ ಬದಿಗೆ ಸರಿಸಿದ. ಹೊಯ್ಸಳರು, ಸೇವುಣರು, ಕಾಕತೀಯರು ಮೂವರೂ ಕಲ್ಯಾಣದ ಸಾಮಂತರೇ. ಭೂಮಿಯನ್ನು ಪಗಾರವಾಗಿ ಕೊಟ್ಟರೆ ಖಜಾನೆಗೆ ಇಂದಿನ ಖರ್ಚು ಉಳಿಯುತ್ತದೆ. ಆದರೆ ಆ ಸೈನಿಕ ಉಪ್ಪು ತಿನ್ನುವುದು ಸಾಮಂತನ ಮನೆಯದು. ರಾಜಧಾನಿಯಲ್ಲಿ ಸಿಂಹಾಸನ ಅಲುಗಿದ ದಿನ ಆತ ಯಾರ ಹಿಂದೆ ನಿಲ್ಲುತ್ತಾನೆ ಎಂದು ಬೇರೆ ಹೇಳಬೇಕಿಲ್ಲ.

(ಒಂದು ಎಚ್ಚರಿಕೆ: ಸೀಮೆಯ ಹೆಸರಿನ ಮುಂದಿನ 12000, 1000 ಅನ್ನುವ ಅಂಕಿಗಳನ್ನು ಹಳ್ಳಿಗಳ ಖಚಿತ ಎಣಿಕೆ ಎಂದು ಬರೆಯಬೇಡ. ಅವು ಹಳ್ಳಿಯ ಲೆಕ್ಕವೋ, ಕಂದಾಯದ ಲೆಕ್ಕವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.)

ಇನ್ನು ಬಹಮನಿ. ಆ ರಾಜ್ಯದ ಪ್ರಧಾನಿ ಮಹಮೂದ್ ಗವಾನನ ಬಗ್ಗೆ ನೀನು ಬರೆದದ್ದು ಎರಡೇ ಸಾಲು, ಅದೂ ಬೀದರಿನ ಮದರಸಾದ ಬಗ್ಗೆ. 1472ರ ಆ ಕಟ್ಟಡ ದೊಡ್ಡದೇ, ಆದರೆ ನಿನ್ನ ಪ್ರಬಂಧಕ್ಕೆ ಅದಕ್ಕಿಂತ ದೊಡ್ಡದು ಆತನ ಪಗಾರದ ಲೆಕ್ಕ. ಚರಿತ್ರೆಕಾರ ಫೆರಿಸ್ತಾ ಬರೆದಿಟ್ಟಿರುವುದನ್ನು ಎಣಿಸಿ ನೋಡು. ಐನೂರು ಸವಾರರ ಸರದಾರನಿಗೆ ಮೊದಲು ವರ್ಷಕ್ಕೆ ಒಂದು ಲಕ್ಷ ಹೊನ್ನು ಇತ್ತು. ಗವಾನ ಅದನ್ನು ಒಂದೂಕಾಲು ಲಕ್ಷ ಮಾಡಿದ. ಸಾವಿರದವನಿಗೆ ಎರಡು ಲಕ್ಷ ಇದ್ದದ್ದು ಎರಡೂವರೆ ಲಕ್ಷವಾಯಿತು. ಅಂದರೆ ತಲೆಗೆ 200 ಇದ್ದದ್ದು 250. ಜಹಗೀರಿನ ಹುಟ್ಟುವಳಿ ಕಡಿಮೆ ಬಿದ್ದರೆ ಖಜಾನೆ ತುಂಬಿಕೊಡಬೇಕು. ಒಬ್ಬ ಸವಾರ ಕಡಿಮೆ ಇದ್ದರೂ ಆತನ ಪಾಲನ್ನು ಮುರಿದುಕೊಳ್ಳಬೇಕು. ಮೇಲಿಂದ ನಾಲ್ಕು ತರಫುಗಳನ್ನು, ಅಂದರೆ ಪ್ರಾಂತಗಳನ್ನು, ಎಂಟಾಗಿ ಒಡೆದ, ಪ್ರತಿ ತರಫಿನ ಒಂದಷ್ಟು ಭೂಮಿಯನ್ನು ನೇರ ಸುಲ್ತಾನನ ಖಾಲಸಾಕ್ಕೆ ಸೇರಿಸಿದ, ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಬಿಟ್ಟು ಉಳಿದ ಕೋಟೆಗಳಿಗೆ ರಾಜಧಾನಿಯಿಂದಲೇ ಕಿಲ್ಲೇದಾರರನ್ನು ನೇಮಿಸಿದ.

ಇದು ಯಾರ ಹೊಟ್ಟೆಯ ಮೇಲೆ ಹೊಡೆತ ಎಂದು ಯೋಚಿಸು. ಕಾಗದದಲ್ಲಿ ಐನೂರು ತೋರಿಸಿ ಮುನ್ನೂರು ಸಾಕುತ್ತಿದ್ದವನಿಗೆ ಪ್ರತಿ ಸಾವಿರ ಹೊನ್ನಿಗೂ ಲೆಕ್ಕ ಕೊಡುವ ಕಾಲ ಬಂತು. ಇಲ್ಲೇ ನೆಲೆಸಿದ್ದ ದಖ್ಖನಿಗಳು ಮತ್ತು ಹೊರಗಿಂದ ಬಂದ ಪರದೇಶಿ ಅಮೀರರ ಜಗಳ ನಿಜವೇ, ಆದರೆ ಬರೀ ಅದನ್ನೇ ಹೇಳಿ ಮುಗಿಸಿದರೆ ಅರ್ಧ ಸತ್ಯ. ವಿರೋಧಿಗಳು ಗವಾನನ ಮುದ್ರೆ ಒತ್ತಿಸಿದ ಖಾಲಿ ಕಾಗದದ ಮೇಲೆ ಒಡಿಶಾದ ಗಜಪತಿಗೆ ಬರೆದಂತೆ ಸುಳ್ಳು ಪತ್ರ ಸೃಷ್ಟಿಸಿದರು. 1481ರ ಏಪ್ರಿಲ್‌ನಲ್ಲಿ ಮೂರನೆಯ ಮುಹಮ್ಮದ್ ಶಾಹ ಆತನನ್ನು ಕೊಲ್ಲಿಸಿದ. ಮರು ವರ್ಷ ತಾನೂ ಸತ್ತ. 1490ರ ಹೊತ್ತಿಗೆ ಬಿಜಾಪುರ, ಅಹಮದ್‌ನಗರ, ಬೇರಾರ್ ಬೇರೆಯಾದವು, ಮುಂದೆ ಗೋಲ್ಕೊಂಡವೂ. ರಾಜ್ಯ ಒಡೆದುಕೊಂಡವರು ಬಹುಪಾಲು ತರಫ್‌ಗಳನ್ನು ಆಳುತ್ತಿದ್ದ ಸರದಾರರೇ. ಗವಾನ ಮುಚ್ಚಲು ಹೊರಟಿದ್ದ ಬಿರುಕಿನಲ್ಲೇ ರಾಜ್ಯ ಸೀಳಿತು. ಸುಧಾರಣೆ ಒಬ್ಬ ಮನುಷ್ಯನ ಜೀವದ ಮೇಲೆ ನಿಂತಿತ್ತು. ಆತನಿಲ್ಲದೆಯೂ ಹಾಜರಿ ತೆಗೆದುಕೊಳ್ಳುವ ದಫ್ತರ ಬೆಳೆದಿರಲಿಲ್ಲ. ಈ ಮಾತು ನನಗೆ ಬಹಳ ಮುಖ್ಯ ಅನಿಸುತ್ತದೆ. ಹಾಂ, ಫೆರಿಸ್ತಾ ಇದನ್ನು ಬರೆದದ್ದು ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಬಿಜಾಪುರದ ಆಶ್ರಯದಲ್ಲಿ ಕೂತು. ಅಂಕಿ ಬಳಸುವಾಗ ಅದನ್ನೂ ನಮೂದಿಸು.

ವ್ಯಾಪಾರದ ಅಧ್ಯಾಯವನ್ನು ನೀನು ಬೇರೆ ಇಟ್ಟಿದ್ದೀ, ಇಡಬೇಡ. ಪಗಾರದ ಹಣ ಬರುವುದೇ ಅಲ್ಲಿಂದ. ವಿಯೆನ್ನಾದಲ್ಲಿರುವ ಎರಡನೆಯ ಶತಮಾನದ ಒಂದು ಪಪೈರಸ್‌ನಲ್ಲಿ ಕೇರಳದ ಮುಜಿರಿಸ್‌ನಿಂದ ಹೋದ ಹರ್ಮಪೊಲ್ಲೊನ್ ಎಂಬ ಹಡಗಿನ ಸರಕಿನ ಬೆಲೆ ಇದೆ, ಸುಮಾರು 70 ಲಕ್ಷ ಸೆಸ್ಟರ್ಸ್ (ರೋಮಿನ ನಾಣ್ಯ). ಅಂಥ ಸರಕಿನ ಮೇಲೆ ರೋಮಿನ ಸುಂಕ ನಾಲ್ಕರಲ್ಲೊಂದು ಪಾಲು. ಆಗ ಸೈನಿಕನ ವರ್ಷದ ಪಗಾರ 1200 ಸೆಸ್ಟರ್ಸ್. ಒಂದೇ ಹಡಗಿನ ಸುಂಕದಲ್ಲಿ ಸಾವಿರಕ್ಕೂ ಹೆಚ್ಚು ಸೈನಿಕರ ವರ್ಷ ಕಳೆಯುತ್ತಿತ್ತು. ‘ಭಾರತಕ್ಕೆ ಚಿನ್ನ ಹರಿದು ರೋಮ್ ಬಡವಾಯಿತು’ ಎಂಬ ರೋಮಿನ ಲೇಖಕ ಪ್ಲಿನಿಯ ಗೋಳನ್ನು ನೀನು ಹಾಗೇ ಎತ್ತಿಕೊಂಡಿದ್ದೀ; ಸುಂಕದ ಈ ಲೆಕ್ಕವನ್ನು ಪಕ್ಕದಲ್ಲಿಟ್ಟು ತೂಗಿ ನೋಡು.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ ಆಳಂದ. 1470ರ ಆಸುಪಾಸಿನಲ್ಲಿ ಬೀದರಿಗೆ ಬಂದಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನ್, ಆಳಂದದಲ್ಲಿ ಶೇಖ್ ಅಲ್ಲಾವುದ್ದೀನರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ಜಾತ್ರೆ ಕೂಡುತ್ತದೆ, 20 ಸಾವಿರದವರೆಗೆ ಕುದುರೆ ಮಾರಾಟಕ್ಕೆ ಬರುತ್ತವೆ ಎಂದು ಬರೆದ. ಅಂಕಿಯನ್ನು ಸ್ವಲ್ಪ ಇಳಿಸಿಕೊಂಡರೂ ಅಷ್ಟು ಕುದುರೆ ಯಾಕೆ? ದಖ್ಖನದ ಹವೆಯಲ್ಲಿ ಯುದ್ಧಕ್ಕಾಗುವ ತಳಿ ಚೆನ್ನಾಗಿ ಬೆಳೆಯದು. ಅರಬಸ್ತಾನ, ಹೊರ್ಮುಜ್‌ನಿಂದ ಹಡಗಿನಲ್ಲಿ ದಾಭೋಳ, ಚೌಲ್, ಗೋವಾಕ್ಕೆ ಇಳಿಯಬೇಕು. ಆದ್ದರಿಂದಲೇ ಗವಾನ 1472ರಲ್ಲಿ ಗೋವಾ ಹಿಡಿದದ್ದು: ವಿಜಯನಗರದ ಕೈಯಿಂದ ಕುದುರೆಯ ಬಾಗಿಲನ್ನೇ ಕಿತ್ತುಕೊಂಡ. ಪೋರ್ಚುಗೀಜರು 1510ರಲ್ಲಿ ಗೋವಾ, 1515ರಲ್ಲಿ ಹೊರ್ಮುಜ್ ಹಿಡಿದಾಗ ಆ ದಾರಿಯ ಎರಡೂ ತುದಿ ಅವರ ಮುಷ್ಟಿಗೆ ಹೋದವು. ಅದೇ ನಿಕಿತಿನ್ ಹಳ್ಳಿಯವರು ಬಹಳ ಬಡವರು, ಅಮೀರರು ಮಾತ್ರ ವೈಭವದಲ್ಲಿದ್ದಾರೆ ಎಂದೂ ಬರೆದಿದ್ದಾನೆ. ಆ ಸಾಲನ್ನು ಬಿಡಬೇಡ; ಕುದುರೆಯ ಬೆಲೆ ಕೊನೆಗೆ ಹೊಲದಿಂದಲೇ ಹುಟ್ಟಬೇಕಿತ್ತು.

1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದದ್ದರಿಂದ ಮೆಣಸಿನ ದಾರಿ ಮುಚ್ಚಿತು, ಅದಕ್ಕೇ ವಾಸ್ಕೋ ಡ ಗಾಮ ಬಂದ ಎಂಬ ಸಾಲನ್ನು ದಯವಿಟ್ಟು ಹೊಡೆದುಹಾಕು. ಮೆಣಸು ಬರುತ್ತಿದ್ದದ್ದು ಕೆಂಪು ಸಮುದ್ರದಿಂದ ಅಲೆಕ್ಸಾಂಡ್ರಿಯಾಕ್ಕೆ. ಈಜಿಪ್ಟು 1517ರವರೆಗೂ ಮಮ್ಲೂಕ ಸುಲ್ತಾನರದಾಗಿತ್ತು, ಕಾನ್‌ಸ್ಟಾಂಟಿನೋಪಲ್ ಹಿಡಿದ ತುರ್ಕರದಲ್ಲ. ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ವೆನಿಸ್ಸಿನ ಮೆಣಸಿನ ವ್ಯಾಪಾರ ಹದಿನಾರನೆಯ ಶತಮಾನದ ನಡುವೆ ಮತ್ತೆ ಚೇತರಿಸಿಕೊಂಡಿತು. ಅದಕ್ಕೆ ನಿಜವಾದ ಪೆಟ್ಟು ಕೊಟ್ಟದ್ದು 1602ರ ನಂತರದ ಡಚ್ ಕಂಪನಿ.

ನಗದು ಪಗಾರವೂ ಕೆಡುತ್ತದೆ. ರೋಮಿನಲ್ಲಿ ಅಗಸ್ಟಸ್ ಕಾಲದ ದಿನಾರಿಯಸ್ ನಾಣ್ಯ ಹೆಚ್ಚುಕಡಿಮೆ ಶುದ್ಧ ಬೆಳ್ಳಿ. 64ರಲ್ಲಿ ನೀರೋ ಕಲಬೆರಕೆ ಮಾಡಿದ. 215ರಲ್ಲಿ ಕರಕಲ್ಲ ಎರಡು ದಿನಾರಿಯಸ್ ಎಂದು ಹೇಳಿ ಒಂದೂವರೆಯ ಬೆಳ್ಳಿಯ ನಾಣ್ಯ ಹೊಡೆಸಿದ, ಯಾಕೆಂದರೆ ಸೈನಿಕರ ಪಗಾರ ಏರಿಸಿಬಿಟ್ಟಿದ್ದ. 270ರ ಹೊತ್ತಿಗೆ ಆ ನಾಣ್ಯದಲ್ಲಿ ಬೆಳ್ಳಿ ನೂರಕ್ಕೆ ಐದೂ ಉಳಿಯಲಿಲ್ಲ. ಕಡೆಗೆ ಸರ್ಕಾರವೇ ತನ್ನ ನಾಣ್ಯ ನಂಬದೆ ತೆರಿಗೆಯನ್ನು ಕಾಳುಕಡ್ಡಿಯಾಗಿ ವಸೂಲು ಮಾಡತೊಡಗಿತು.

ಸಾಲದ ಪಗಾರಕ್ಕೆ ಸ್ಪೇನಿನ ಅರಸ ಎರಡನೆಯ ಫಿಲಿಪ್‌ನನ್ನು ನೋಡು. ದಕ್ಷಿಣ ಅಮೆರಿಕದ ಪೊಟೊಸಿಯ ಬೆಳ್ಳಿ ಗುಡ್ಡ 1545ರಲ್ಲೇ ಸಿಕ್ಕಿತ್ತು, ಅರಸನಿಗೆ ಐದರಲ್ಲೊಂದು ಪಾಲು. ಆದರೂ 1557ರಲ್ಲಿ, ಮತ್ತೆ 1575ರಲ್ಲಿ ಸಾಲ ತೀರಿಸಲಾರೆ ಎಂದ. ಬೆಳ್ಳಿ ಇರುವುದು ಅಮೆರಿಕದಲ್ಲಿ, ಬಂಡಾಯ ಅಡಗಿಸುವ ದಂಡು ಇರುವುದು ನೆದರ್‌ಲ್ಯಾಂಡ್ಸ್‌ನಲ್ಲಿ, ನಡುವೆ ಹಣ ದಾಟಿಸುವವರು ಜಿನೋವಾದ ಸಾಹುಕಾರರು. ಅವರು ಹುಂಡಿ ನಿಲ್ಲಿಸಿದರು, ದಂಡಿಗೆ ಪಗಾರ ನಿಂತಿತು. 1576ರ ನವೆಂಬರ್‌ನಲ್ಲಿ ಸ್ಪೇನಿನ ಸೈನಿಕರೇ ಆಂಟ್‌ವೆರ್ಪ್ ಲೂಟಿ ಮಾಡಿದರು. ಕೆಲವೇ ದಿನದಲ್ಲಿ ನಿಷ್ಠವಾಗಿದ್ದ ಪ್ರಾಂತಗಳೂ ಬಂಡಾಯಗಾರರ ಜೊತೆ ಕೈಜೋಡಿಸಿದವು. ಮೊಘಲರದನ್ನು ಚಿಕ್ಕದಾಗಿ ಬರೆದರೆ ಸಾಕು: ಕಾಗದದ ಜಮೆಗೂ (ಅಂದಾಜು ಕಂದಾಯ) ಕೈಗೆ ಬರುವ ಹಾಸಿಲಿಗೂ (ನಿಜವಾದ ವಸೂಲಿ) ನಡುವಿನ ಅಂತರ ದಖ್ಖನದಲ್ಲಿ ಎಷ್ಟಿತ್ತು ಎಂದು ತೋರಿಸು.

ಕೊನೆಯ ಅಧ್ಯಾಯಕ್ಕೆ ನಿಜಾಮ. ಬಳ್ಳಾರಿ ಮದ್ರಾಸಿಗೆ, ಕಲಬುರಗಿ ಹೈದರಾಬಾದಿಗೆ ಯಾಕೆ ಸೇರಿತ್ತು ಎಂದು ಕೇಳಿದರೆ ಉತ್ತರ ಪಗಾರವೇ. 1798ರ ಕರಾರಿನಂತೆ ತನ್ನ ರಾಜ್ಯದಲ್ಲಿ ಇಟ್ಟುಕೊಂಡ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಸೈನ್ಯದ ಖರ್ಚಿಗೆಂದು 1800ರಲ್ಲಿ ನಿಜಾಮ ಬಳ್ಳಾರಿ, ಅನಂತಪುರ, ಕಡಪದ ಸೀಮೆಗಳನ್ನು ಆ ಕಂಪನಿಗೆ ಬಿಟ್ಟುಕೊಟ್ಟ. 1853ರಲ್ಲಿ, ಬ್ರಿಟಿಷ್ ಅಧಿಕಾರಿಗಳು ನಡೆಸಿ ನಿಜಾಮ ಪಗಾರ ಕೊಡಬೇಕಿದ್ದ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಬಾಕಿಗಾಗಿ, ಬೇರಾರ್, ರಾಯಚೂರು ದೋಆಬ, ನಳದುರ್ಗ ಕೈಬಿಟ್ಟವು. 1860ರಲ್ಲಿ ರಾಯಚೂರು, ನಳದುರ್ಗ ತಿರುಗಿ ಬಂದವು; 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಎದ್ದು ನಿಂತಿದ್ದ ಸುರಪುರವನ್ನೂ ಆಗಲೇ ನಿಜಾಮನಿಗೆ ಕೊಟ್ಟರು. ತನ್ನ ದಂಡಿನ ಪಗಾರ ಬೇರೆಯವರ ಕೈಗೆ ಹೋದ ರಾಜ್ಯ ಯುದ್ಧವಿಲ್ಲದೆ ಕರಗುವುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಕಾಣದು.

ಬರೆಯುವ ಕ್ರಮ ಹೇಳುತ್ತೇನೆ. ಪ್ರತಿ ಸಾಮ್ರಾಜ್ಯಕ್ಕೂ ಒಂದು ದೊಡ್ಡ ಹಾಳೆಯಲ್ಲಿ ನಕ್ಷೆ ಬರೆ. ರಾಜಧಾನಿ, ಟಂಕಸಾಲೆ, ಬಂದರು, ಗಡಿಯ ಠಾಣ್ಯ ಗುರುತಿಸು. ನಡುವಿನ ದಾರಿಯನ್ನು ಮೈಲಿನಲ್ಲಿ ಬಿಟ್ಟು ದಿನಗಳಲ್ಲಿ ಬರೆ. ಪೆರಿಪ್ಲಸ್ ಎಂಬ ಹಳೆಯ ಗ್ರೀಕ್ ಸಮುದ್ರಯಾನದ ಕೈಪಿಡಿಯ ಪ್ರಕಾರ ಭರೂಚದಿಂದ ಪೈಠಣಕ್ಕೆ 20 ದಿನ, ಅಲ್ಲಿಂದ ತಗರಕ್ಕೆ, ಅಂದರೆ ಇಂದಿನ ತೇರಕ್ಕೆ, ಇನ್ನು 10 ದಿನ; ಗಾಡಿ ದಿನಕ್ಕೆ ಸುಮಾರು 20 ಕಿಲೋಮೀಟರ್ ಎಂದಾಯಿತು. ಆ ಲೆಕ್ಕ ಹಿಡಿದರೆ ದಾಭೋಳದ ಸರಕು ಬೀದರ ಮುಟ್ಟಲು ಒಂದು ತಿಂಗಳು ಬೇಕು. ಆಮೇಲೆ ಒಂದೊಂದು ಶಾಸನದಲ್ಲೂ ಬಿರುದುಗಳನ್ನು ದಾಟಿ ದಾನದ ಭಾಗಕ್ಕೆ ಬಾ. ಯಾವ ಭೂಮಿ, ಯಾರಿಗೆ, ಯಾವ ತೆರಿಗೆ ಬಿಟ್ಟು ಕೊಟ್ಟದ್ದು ಎಂದು ಬರೆದುಕೋ. ಹೊಗಳಿಕೆಯಲ್ಲಿ ಎಲ್ಲ ದೊರೆಗಳೂ ನಾಲ್ಕು ಸಮುದ್ರ ಗೆದ್ದವರೇ. ವರ್ಷಗಳು ಹೊಂದದಿದ್ದರೆ ಶಕ ವರ್ಷಕ್ಕೆ 78 ಕೂಡಿಸಿದ್ದೀಯಾ, ಹಿಜರಿಯನ್ನು ಸರಿಯಾಗಿ ತಿರುಗಿಸಿದ್ದೀಯಾ ನೋಡು. ಹಿಜರಿ ವರ್ಷ ಹನ್ನೊಂದು ದಿನ ಚಿಕ್ಕದು, ಒಂದು ಹಿಜರಿ ವರ್ಷ ಸಾಮಾನ್ಯವಾಗಿ ಎರಡು ಇಸವಿಗಳಲ್ಲಿ ಹರಡಿಕೊಳ್ಳುತ್ತದೆ, ಅದಕ್ಕೇ ಬಹಮನಿ ತೇದಿಗಳಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ಒಂದು ವರ್ಷ ಹೆಚ್ಚುಕಮ್ಮಿ ಬರುತ್ತದೆ.

ಮೊದಲು ಗವಾನನ ಅಧ್ಯಾಯ ಬರೆದು ಕಳಿಸು, ನಂತರ 1853ರ ಕರಾರಿನದು. ರೋಮಿಗೆ ಆಮೇಲೆ ಕೈ ಹಚ್ಚು. ಆಳಂದಕ್ಕೆ ಹೋಗುವ ಮುಂಚೆ ತಿಳಿಸಿದರೆ ನಿಕಿತಿನ್‌ನ ಆ ಪುಟಗಳ ಝೆರಾಕ್ಸ್ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.

ಇಂತಿ ನಿನ್ನ ಕಾಕಾ