ಕೊಳಚೆ ನೀರಿನ ಲೆಕ್ಕಕ್ಕೂ ಮಿತಿ ಇದೆ

ಮಾನ್ಯ ಸಂಪಾದಕರೇ,

ಡ್ರಗ್ಸ್ ತಗೋತೀರಾ ಎಂದು ಮನೆ ಮನೆಗೆ ಹೋಗಿ ಕೇಳಿದರೆ ಯಾರು ನಿಜ ಹೇಳುತ್ತಾರೆ? ಕೊಳಚೆ ನೀರು ಹೇಳುತ್ತದೆ. ಕೊಕೇನ್ ಸೇವಿಸಿದವರ ಮೂತ್ರದಲ್ಲಿ ಬೆಂಜಾಯ್ಲೆಕ್ಗೊನಿನ್ ಎಂಬ ಅಂಶ ಬರುತ್ತದೆ. ಶುದ್ಧೀಕರಣ ಘಟಕಕ್ಕೆ ಬರುವ ನೀರನ್ನು 24 ಗಂಟೆ ಸ್ವಲ್ಪ ಸ್ವಲ್ಪವೇ ಹಿಡಿದು ಅದನ್ನು ಅಳೆಯುತ್ತಾರೆ. ಯುರೋಪಿನ ಹಲವು ನಗರಗಳಲ್ಲಿ ವಾರಾಂತ್ಯಕ್ಕೆ ಕೊಕೇನ್ ಜಾಸ್ತಿಯಾಗುವುದು ಹೀಗೇ ಗೊತ್ತಾಗಿದ್ದು.

ಆದರೆ ಸಿಗುವುದು ಒಟ್ಟು ಪ್ರಮಾಣ ಮಾತ್ರ, ಎಷ್ಟು ಜನ ಸೇವಿಸಿದರು ಎಂಬುದಲ್ಲ. ಯಾರೋ ಹೆದರಿ ಎಂಡಿಎಂಎ ಎಂಬ ಇನ್ನೊಂದು ಡ್ರಗ್ಸ್‌ನ ಮಾಲನ್ನು ಟಾಯ್ಲೆಟ್ಟಿಗೆ ಸುರಿದರೂ ಅಂಕಿ ಏರುತ್ತದೆ! ದೊಡ್ಡ ನಗರಕ್ಕೆ ಈ ಪರೀಕ್ಷೆ ಸರಿ. ಒಂದೇ ಹಾಸ್ಟೆಲ್ಲಿನ ಪೈಪಿಗೆ ಕೈ ಹಾಕಿದರೆ ಅಲ್ಲಿರುವವರಿಗೆಲ್ಲ ಸುಮ್ನೆ ಕೆಟ್ಟ ಹೆಸರು, ಅಲ್ವಾ? ಈ ಅಂಕಿಗಳು ಪೊಲೀಸರಿಗಿಂತ ಮೊದಲು ವ್ಯಸನ ಬಿಡಿಸುವ ಕೇಂದ್ರಗಳಿಗೆ ತಲುಪಲಿ.

– ಒಬ್ಬ ಓದುಗ